ನಾರ್ವೆಯ ಒಂದು ವರ್ಷ, ಅಪ್ಪನ ಒಂದು ರುಜು

ಆ ವರ್ಷ ನಮ್ಮ ಮನೆಯಲ್ಲಿದ್ದ ಇಬ್ಬರೂ ಒಂದು ಕಡೆ ಕೂರುತ್ತಿರಲಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕಿ. ಹದಿನಾರು ವರ್ಷದಿಂದಲೂ ಅತಿಥಿಯೇ. ಪ್ರತಿ ವರ್ಷ ಹೊಸ ಪಟ್ಟಿ ಬರಬೇಕು, ಅದರಲ್ಲಿ ನನ್ನ ಹೆಸರಿರಬೇಕು, ಆಮೇಲೆ ಕೆಲಸ. ಆ ಸಲ ಮಕ್ಕಳು ಕ್ಲಾಸಿಗೆ ಬಂದು ಕೂತು ತಿಂಗಳಾದರೂ ಪಟ್ಟಿಯ ಸುದ್ದಿಯಿಲ್ಲ. ಬೆಳಿಗ್ಗೆ ಎದ್ದರೆ ಫೋನ್ ನೋಡುವುದು, ಅನ್ನಕ್ಕೆ ಇಟ್ಟು ಫೋನ್ ನೋಡುವುದು, ಬಟ್ಟೆ ಹರವಿ ಬಂದು ಮತ್ತೆ ನೋಡುವುದು.

ಅಪ್ಪ ರಿಟೈರ್ ಆದ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅಮ್ಮ ಹೋದ ಮೇಲೆ ಗುಬ್ಬಿಯ ಬಾಡಿಗೆ ಮನೆ ಖಾಲಿ ಮಾಡಿ ಬಟವಾಡಿ ಬಡಾವಣೆಗೆ, ನನ್ನ ಮನೆಗೆ ಬಂದಿದ್ದರು. ಗುಬ್ಬಿಯಲ್ಲಾದರೆ ಬೀದಿಗಿಳಿದರೆ ನಾಲ್ಕು ಜನ ಹಳೇ ವಿದ್ಯಾರ್ಥಿಗಳು ಸಿಗುತ್ತಿದ್ದರು. ಇಲ್ಲಿ ಸಿಗುವುದು ಹೈವೇ. ದಿನಕ್ಕೆ ಆರು ಸಲ ಗೇಟಿನ ತನಕ ಹೋಗಿ, ಆಟೋಗಳನ್ನು ನೋಡಿ, ವಾಪಸು ಬಂದು ಚಪ್ಪಲಿ ಬಿಡುತ್ತಿದ್ದರು. "ಅಪ್ಪ, ಸ್ವಲ್ಪ ಕೂತ್ಕೊಳ್ಳಿ" ಅಂದರೆ "ನೀನು ಕೂತಿದೀಯಾ ಮೊದ್ಲು?" ಅನ್ನುತ್ತಿದ್ದರು.

ಆ ಹೊತ್ತಿಗೆ ನನ್ನ ಜೊತೆ ಎಂ.ಎ. ಓದಿದ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳದು ಸಣ್ಣದೊಂದು ಪ್ರಕಾಶನ. ಶಾಲೆಯ ಲೈಬ್ರರಿಗಳಿಗೆ ಪುಟ್ಟ ಪುಸ್ತಕಗಳ ಮಾಲೆ ತರುತ್ತಿದ್ದಳು: ಒಂದು ದೇಶ, ಅದರ ಒಂದು ವರ್ಷ, ಆ ವರ್ಷ ಏನೇನಾಯಿತು, ಯಾರು ಯಾರು ಏನು ಮಾಡಿದರು.

"ನಿಂಗೆ ನಾರ್ವೆ ಇಟ್ಟಿದೀನಿ ಕಣೇ. ಸಾವಿರದ ಒಂಬೈನೂರ ಐದು."

"ನಾರ್ವೆ ಬಗ್ಗೆ ನಂಗೇನೇ ಗೊತ್ತು?"

"ಇಲ್ಲಿ ಯಾರಿಗೂ ಗೊತ್ತಿಲ್ಲ. ಓದ್ಕೊಂಡು ಬರಿ. ಮನೇಲಿ ಪಟ್ಟಿ ಪಟ್ಟಿ ಅಂತ ಒದ್ದಾಡೋ ಬದ್ಲು."

ಒಪ್ಪಿಕೊಂಡೆ. ಲೈಬ್ರರಿಯಿಂದ ಎರಡು ದಪ್ಪ ಪುಸ್ತಕ ತಂದೆ, ಉಳಿದದ್ದನ್ನು ಫೋನಿನಲ್ಲೇ ಓದಿದೆ. ಬರೆದ ಹಾಳೆಗಳನ್ನು ಅಪ್ಪನಿಗೆ ಕೊಡುತ್ತಿದ್ದೆ. ಅವರು ಕೆಂಪು ಪೆನ್ನು ಹಿಡಿದು, ನಿಂತುಕೊಂಡೇ, ಅಡುಗೆಮನೆ ಬಾಗಿಲಿಗೆ ಒರಗಿ ತಿದ್ದುತ್ತಿದ್ದರು.

ನಾನು ತಿಳಿದುಕೊಂಡದ್ದು ಇಷ್ಟು. ನಾರ್ವೆ ತೊಂಬತ್ತು ವರ್ಷ ಸ್ವೀಡನ್ ಜೊತೆ ಒಬ್ಬನೇ ರಾಜನ ಕೆಳಗೆ ಇತ್ತು. ಬೇರೆ ದೇಶಗಳ ಬಂದರುಗಳಲ್ಲಿ ತನ್ನ ಹಡಗಿನವರನ್ನು ನೋಡಿಕೊಳ್ಳಲು ತನ್ನದೇ ಅಧಿಕಾರಿಗಳು ಬೇಕು ಎಂದು ನಾರ್ವೆ ಕೇಳಿತು. ರಾಜ ಒಪ್ಪಲಿಲ್ಲ. ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು. ಬೇರೆ ಮಂತ್ರಿಮಂಡಲ ಕಟ್ಟಲು ರಾಜನಿಗೆ ಒಬ್ಬರೂ ಸಿಗಲಿಲ್ಲ. ಜೂನ್ ತಿಂಗಳಲ್ಲಿ ಶಾಸನಸಭೆ ಸೇರಿ ಒಂದು ಉದ್ದನೆಯ ವಾಕ್ಯವನ್ನು ಪಾಸು ಮಾಡಿತು. ವಾಕ್ಯದ ಮುಖ್ಯ ಮಾತು, ರಾಜೀನಾಮೆ ಕೊಟ್ಟ ಮಂತ್ರಿಗಳೇ ಸದ್ಯಕ್ಕೆ ಆಡಳಿತ ನಡೆಸಲಿ ಎಂಬುದು. ರಾಜ ಇನ್ನು ರಾಜನಲ್ಲ, ಸ್ವೀಡನ್ ಜೊತೆಗಿನ ನಂಟು ಮುಗಿಯಿತು ಎಂಬುದು ಆ ವಾಕ್ಯದ ನಡುವೆ ಒಂದು ತುಂಡಾಗಿ, ಗೊತ್ತೇ ಆಗದ ಹಾಗೆ ಕೂತಿತ್ತು.

ಅಪ್ಪನಿಗೆ ಇದು ಬಹಳ ಹಿಡಿಸಿತು. "ಬರೆದೋನು ಭಲೇ ಬುದ್ಧಿವಂತ ಕಣಮ್ಮ. ಗಟ್ಟಿ ವಿಷಯಾನ ಮರೆಯಲ್ಲಿಟ್ಟು ಬರೆಯೋದು ಎಲ್ಲರಿಗೂ ಬರಲ್ಲ" ಅಂದರು.

ಆಗಸ್ಟಿನಲ್ಲಿ ಜನರ ಮತ ಕೇಳಿದರು. ಬೇರೆಯಾಗೋಣ ಎಂದವರು ಮೂರು ಲಕ್ಷದ ಅರವತ್ತೆಂಟು ಸಾವಿರಕ್ಕೂ ಹೆಚ್ಚು. ಬೇಡ ಎಂದವರು ನೂರ ಎಂಬತ್ತನಾಲ್ಕು. ಸಾವಿರವಲ್ಲ, ಬರೀ ನೂರ ಎಂಬತ್ತನಾಲ್ಕು ಜನ. ಹೆಂಗಸರಿಗೆ ಆಗ ಓಟು ಇರಲಿಲ್ಲ. ಅವರು ಸುಮ್ಮನೆ ಕೂರದೆ ಊರೂರು ಸುತ್ತಿ ಎರಡೂವರೆ ಲಕ್ಷದ ಹತ್ತಿರ ಸಹಿ ಕೂಡಿಸಿ ಕೊಟ್ಟರು. ಗಡಿಯಲ್ಲಿ ಎರಡೂ ಕಡೆ ಸೈನ್ಯ ನಿಂತಿತ್ತು, ಆದರೆ ಗುಂಡು ಹಾರಲಿಲ್ಲ. ನವೆಂಬರಿನಲ್ಲಿ ಡೆನ್ಮಾರ್ಕಿನ ರಾಜಕುಮಾರನೊಬ್ಬ, ಜನ ಒಪ್ಪಿದರೆ ಮಾತ್ರ ಬರುತ್ತೇನೆ ಎಂದು ಹೇಳಿ, ಇನ್ನೊಂದು ಮತದಾನ ಮಾಡಿಸಿ, ಎರಡು ವರ್ಷದ ಮಗನನ್ನು ಎತ್ತಿಕೊಂಡು ಹಿಮ ಬೀಳುವ ದಿನ ಬಂದಿಳಿದು ರಾಜನಾದ. ಉತ್ತರದ ಹಿಮಗಟ್ಟಿದ ಕಡಲಿನಲ್ಲಿ ಹಡಗಿಗೆ ದಾರಿ ಹುಡುಕಲು ಎರಡು ವರ್ಷ ಹಿಂದೆ ಹೊರಟಿದ್ದ ನಾವಿಕನೊಬ್ಬನಿಗೆ ತನ್ನ ದೇಶ ಬೇರೆಯಾದದ್ದೂ, ಹೊಸ ರಾಜ ಬಂದದ್ದೂ ಗೊತ್ತಾಗಲು ಬಹಳ ದಿನ ಹಿಡಿಯಿತು.

ಈ ಹಾಳೆಯನ್ನು ಓದಿದ ದಿನ ಅಪ್ಪ ಏನೂ ತಿದ್ದಲಿಲ್ಲ. ಗೇಟಿನ ತನಕ ಹೋಗಿ ಬಂದರು.

"ಆ ನೂರ ಎಂಬತ್ನಾಲ್ಕು ಜನ ಯಾರಂತೆ?"

"ಗೊತ್ತಿಲ್ಲ ಅಪ್ಪ. ಚೀಟಿ ತಪ್ಪಾಗಿ ಹಾಕಿದವರೂ ಇರಬಹುದು."

"ಎಲ್ಲರೂ ತಪ್ಪಾಗಿ ಹಾಕ್ತಾರಾ? ಕೆಲವ್ರಾದ್ರೂ ಬೇಕಂತಲೇ ಹಾಕಿರ್ತಾರೆ. ಊರಿಗೂರೇ ಒಂದು ಕಡೆ ಇರುವಾಗ ಅವರು ಹೆಂಗೆ ಹಾಕಿ ಮನೇಗೆ ಹೋದ್ರು?"

ಮಾರನೇ ದಿನವೂ ಅದೇ ಪ್ರಶ್ನೆ. ಸ್ನಾನ ಮಾಡಿ ಬಂದು ತಲೆ ಒರೆಸುತ್ತ ಕೇಳಿದರು. ತಟ್ಟೆಯ ಮುಂದೆ ಕೂತು ಕೇಳಿದರು. ನಾಲ್ಕನೇ ದಿನ ನನಗೆ ರೇಗಿತು. "ನಿಮಗ್ಯಾಕೆ ಅಷ್ಟು ಚಿಂತೆ? ನೂರು ವರ್ಷದ ಹಿಂದಿನ ಮಾತು" ಅಂದೆ. ಆಗ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಊಟಕ್ಕಲ್ಲದೆ ಆ ತಿಂಗಳಲ್ಲಿ ಅವರು ತಾವಾಗಿ ಕೂತದ್ದು ಅದೇ ಮೊದಲು.

ಅವರು ಹೇಳಿದ್ದು ಮೂವತ್ತೆಂಟು ವರ್ಷದ ಹಿಂದಿನ ಕಥೆ. ಆಗ ಅಪ್ಪನಿಗೆ ಇಪ್ಪತ್ತಾರು. ಹಾಗಲವಾಡಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಅಲ್ಲಿಗೆ ಹೊಸದಾಗಿ ಒಬ್ಬರು ಟೀಚರಮ್ಮ ಬಂದರು. ಬಂದ ವಾರದಲ್ಲೇ ಕೇರಿಯ ಮಕ್ಕಳನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಎಲ್ಲರ ಜೊತೆ ಕೂರಿಸಿದರು. ಆಮೇಲೆ, ಕುಡಿಯುವ ನೀರಿನ ಗಡಿಗೆ ತುಂಬಿಸುವ ಸರದಿಗೆ ಕೇರಿಯ ಒಬ್ಬಳು ಹುಡುಗಿಯನ್ನೂ ಸೇರಿಸಿದರು. ಊರು ಎದ್ದು ಕೂತಿತು. ಟೀಚರನ್ನು ವರ್ಗ ಮಾಡಿಸಬೇಕೆಂದು ಮೇಲಿನ ಆಫೀಸಿಗೆ ಅರ್ಜಿ ಹೋಯಿತು. ನೀರಿನ ಮಾತು ಅರ್ಜಿಯಲ್ಲಿ ಇರಲಿಲ್ಲ. ಟೀಚರ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಪಾಠದಲ್ಲಿ ಆಸಕ್ತಿಯಿಲ್ಲ ಎಂದಿತ್ತು.

"ಎಲ್ಲರೂ ರುಜು ಹಾಕಿದ್ರು. ನಾನೂ ಹಾಕ್ದೆ" ಅಂದರು ಅಪ್ಪ. "ಊರಲ್ಲೊಬ್ಬ ಟೈಲರ್ ಇದ್ದ. 'ನಾನ್ ಹಾಕಾಕಿಲ್ಲ ಬುಡ್ರಪ್ಪ' ಅಂದ. ಅವನೊಬ್ನೇ. ಆ ಸಲದ ಹಬ್ಬಕ್ಕೆ ಯಾರೂ ಅವನಿಗೆ ಹೊಲಿಯೋಕೆ ಬಟ್ಟೆ ಕೊಡ್ಲಿಲ್ಲ."

"ಟೀಚರ್?"

"ಕುಣಿಗಲ್ ಕಡೆಗೆ ವರ್ಗ ಆಯ್ತು. ಹೋಗೋ ದಿನ ನನ್ ಕೈಗೆ ಹಾಜರಿ ಪುಸ್ತಕ ಕೊಟ್ಟು ಹೋದ್ರು. ಏನೂ ಅನ್ಲಿಲ್ಲ."

ನಾನು ಹಾಳೆಗಳನ್ನು ಎತ್ತಿಟ್ಟೆ. ಒಂದು ವಾರ ಅಪ್ಪನಿಗೆ ಊಟ ಸೇರಲಿಲ್ಲ. ಕೊನೆಗೆ ತಾವೇ, ರಿಟೈರ್ ಆದ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ಆ ಟೀಚರ್ ಬಗ್ಗೆ ವಿಚಾರಿಸಿದರು. ಮೂವತ್ತೆಂಟು ವರ್ಷ ಅಪ್ಪ ಹುಡುಕದೇ ಇದ್ದ ಟೀಚರ್ ಎರಡೇ ದಿನದಲ್ಲಿ ಸಿಕ್ಕರು. ಕುಣಿಗಲ್‌ನಲ್ಲೇ, ಕೆರೆಯ ಹತ್ತಿರದ ಬಡಾವಣೆಯಲ್ಲಿ ಮಗಳ ಜೊತೆ ಇದ್ದರು.

ಒಂದು ಗುರುವಾರ ಬೆಳಿಗ್ಗೆ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಹಣ್ಣಿನ ಚೀಲವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇದ್ದರು.

ಬಾಗಿಲು ತೆಗೆದವರು ಟೀಚರೇ. ಕನ್ನಡಕ, ಕುತ್ತಿಗೆಗೆ ತೂಗುಹಾಕಿದ ಇನ್ನೊಂದು ಕನ್ನಡಕ. ಅಪ್ಪ ಊರಿನ ಹೆಸರು ಹೇಳುತ್ತಲೇ ಗುರುತು ಹಿಡಿದರು. "ಬನ್ನಿ ಮೇಷ್ಟ್ರೆ" ಎಂದು ಒಳಗೆ ಕರೆದು ಕೂರಿಸಿದರು. ಅಪ್ಪ ಹಣ್ಣಿನ ಚೀಲ ಕೆಳಗಿಡುವ ಮೊದಲೇ ಶುರುಮಾಡಿದರು.

"ಮೇಡಂ, ಆವಾಗ ನಿಮ್ ಮೇಲೊಂದು ಅರ್ಜಿ ಹೋಗಿತ್ತು. ಅದಕ್ಕೆ ನಾನೂ ರುಜು ಹಾಕಿದ್ದೆ. ಅದನ್ನ ಹೇಳೋಣ ಅಂತ ಬಂದೆ."

ಟೀಚರ್ ಕನ್ನಡಕ ಬದಲಾಯಿಸಿ ಅಪ್ಪನನ್ನು ನೋಡಿದರು.

"ರುಜು ಅಷ್ಟೇನಾ ಮೇಷ್ಟ್ರೆ?"

ಅಪ್ಪ ಹಣ್ಣಿನ ಚೀಲವನ್ನು ಕಾಲ ಬಳಿ ಇಟ್ಟರು.

"ನನ್ನನ್ನ ಮೇಲಿನ ಆಫೀಸಿಗೆ ಕರೆಸಿ, ಇದಕ್ಕೇನಂತೀರಿ ಅಂತ ಅರ್ಜೀನ ನನ್ ಕೈಗೇ ಕೊಟ್ರು. ನೀವು ದಿನಾ ಬೋರ್ಡ್ ಮೇಲೆ ನುಡಿಮುತ್ತು ಬರೀತಿದ್ರಲ್ಲ, ಅದೇ ಅಕ್ಷರ. ದುಂಡಗೆ, ಒಂದೂ ತಪ್ಪಿಲ್ದೆ. ನೀವೇ ಬರ್ದಿದ್ದು."

ನಾನು ಅಪ್ಪನ ಕಡೆ ತಿರುಗಿದೆ. ಅವರು ಟೀಪಾಯಿಯ ಮೇಲಿನ ಪೇಪರನ್ನು ನೋಡುತ್ತಿದ್ದರು. "ಹೌದು ಮೇಡಂ, ನಾನೇ ಬರ್ದೆ" ಅಂದರು. ದನಿ ಬಹಳ ಸಣ್ಣಗಿತ್ತು. "ನನ್ ಅಕ್ಷರ ಚೆನ್ನಾಗೈತೆ ಅಂತ ಊರೋರು ನನ್ ಕೈಲೇ ಬರೆಸಿದ್ರು. ಹೊತ್ತಿಗೆ ಬರಲ್ಲ ಅನ್ನೋ ಮಾತು ಹೊಳೆದಿದ್ದೂ ನಂಗೇ. ತಪ್ಪಾಯ್ತು."

"ಸರಿ ಬಿಡಿ, ಆಯ್ತು ಅಂತ ಹೇಳೋಕೆ ನನಗೆ ಬರಲ್ಲ" ಅಂದರು ಟೀಚರ್. ಸಿಟ್ಟಿರಲಿಲ್ಲ, ಆದರೆ ದನಿ ಮೆತ್ತಗೂ ಇರಲಿಲ್ಲ. "ಬೈದು ಕಳಿಸೋಕೂ ಆಗಲ್ಲ, ಇಷ್ಟು ದೂರ ಬಂದಿದೀರಿ. ನಂಗಾಗಿದ್ದು ಟ್ರಾನ್ಸ್‌ಫರ್. ಇಲ್ಲಿಗೆ ಬಂದೆ, ಮದುವೆ ಆಯ್ತು, ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದೆ. ಆ ಹುಡುಗಿ ಕಥೆ ಏನಾಯ್ತು? ಗಡಿಗೆ ಮುಟ್ಟು ಅಂದೋಳು ನಾನು. ನಾನು ಬಸ್ ಹತ್ತಿ ಬಂದ್ಬಿಟ್ಟೆ. ಅವ್ಳು ಅಲ್ಲೇ ಇದ್ಲಲ್ಲ?"

ಅಪ್ಪನಿಗೆ ಗೊತ್ತಿರಲಿಲ್ಲ. ಟೀಚರ್ ಹೋದ ಮಾರನೇ ದಿನದಿಂದ ಆ ಹುಡುಗಿ ಶಾಲೆಗೆ ಬಂದಿರಲಿಲ್ಲ ಎಂಬುದು ಮಾತ್ರ ನೆನಪಿತ್ತು. ಹಾಜರಿ ಪುಸ್ತಕ ಅವರ ಕೈಯಲ್ಲೇ ಇತ್ತಲ್ಲ. ಟೀಚರ್ ಕಾಫಿ ಕೊಟ್ಟರು, ಕುಡಿದೆವು, ಎದ್ದೆವು. ಹೊರಡುವಾಗ ನನ್ನ ನಂಬರ್ ತೆಗೆದುಕೊಂಡರು, ಅಪ್ಪನದನ್ನು ಕೇಳಲಿಲ್ಲ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ರುಜು ಹಾಕ್ದೆ ಅಂತ ಮಾತ್ರ ಯಾಕೆ ಹೇಳಿದ್ರಿ ನಂಗೆ?"

ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು: "ರುಜು ಅಂದ್ರೆ ಎಲ್ಲರ ಜೊತೆಗೆ ನಾನೂ ಒಬ್ಬ ಅಂತಾಯ್ತದೆ. ಬರ್ದೆ ಅಂದ್ರೆ ನಾನೊಬ್ನೇ."

ಆ ವಾರ ನಾನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೆ ಅಕ್ಷರ ತಿದ್ದಿಸಿದ ಕೈ ಅದು. ಸ್ಲೇಟಿನ ಮೇಲೆ ನನ್ನ ಬೆರಳು ಹಿಡಿದು 'ಅ' ಬರೆಸಿದ್ದು ನೆನಪಾದಾಗಲೆಲ್ಲ ಆ ಅರ್ಜಿಯೂ ಪಕ್ಕದಲ್ಲೇ ಬರುತ್ತಿತ್ತು. ಎರಡನ್ನೂ ಬೇರೆ ಮಾಡಿ ನೋಡಲು ಇವತ್ತಿಗೂ ನನಗೆ ಸಾಧ್ಯವಾಗಿಲ್ಲ. ನಾರ್ವೆಯ ಕೊನೆಯ ಅಧ್ಯಾಯ ಬರೆದು ಮುಗಿಸಿ, ಅಪ್ಪನಿಗೆ ತೋರಿಸದೆ ಗೆಳತಿಗೆ ಕಳಿಸಿಬಿಟ್ಟೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಮನೆಯಲ್ಲಿಲ್ಲ. ಗಾಬರಿಯಾಗಿ ಫೋನ್ ಮಾಡಿದೆ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿದ್ದರು. "ಹಾಗಲವಾಡಿ ಬಸ್ಸಿಗೆ ಕಾಯ್ತಾ ಇದೀನಿ. ಮಧ್ಯಾಹ್ನ ಬರ್ತೀನಿ" ಎಂದು ಇಟ್ಟರು. ಮೂರು ಗಂಟೆಗೆ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು: "ಆ ಹುಡುಗಿ ತಮ್ಮ ಸಿಕ್ಕಿದ್ದ. ಅವಳು ಇಲ್ಲೇ ಇದಾಳೆ ಕಣಮ್ಮ, ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿ ಹೋಟ್ಲು ಇಟ್ಟವಳಂತೆ."

ಸಿಟಿ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಮಾರನೇ ದಿನ ಹನ್ನೊಂದು ಗಂಟೆಗೆ, ತಿಂಡಿಯ ರಶ್ಶು ಇಳಿದಿರುತ್ತದೆ ಎಂದು ಲೆಕ್ಕ ಹಾಕಿ ಹೋದೆವು. ಹೈವೇ ಪಕ್ಕದ ಸಣ್ಣ ಹೋಟೆಲು, ನಾಲ್ಕು ಮೇಜು. ಒಲೆಯ ಮುಂದೆ ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಕೂದಲಿಗೆ ಟವೆಲು ಕಟ್ಟಿಕೊಂಡು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು. ಅಪ್ಪ ಊರಿನ ಹೆಸರು, ತಮ್ಮ ಹೆಸರು ಹೇಳಿದರು.

"ಓ, ಮೇಷ್ಟ್ರಾ! ವಯಸ್ಸಾಗೋಯ್ತಲ್ಲ ನಿಮ್ಗೆ. ಕೂತ್ಕಳಿ, ಇಡ್ಲಿ ಕೊಡ್ತೀನಿ."

ಅಪ್ಪ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಈ ಸಲ ಅರ್ಜಿ ಬರೆದದ್ದನ್ನೇ ಮೊದಲು ಹೇಳಿದರು. ಆಕೆ ಸೌಟು ಕೆಳಗಿಟ್ಟು ಕೇಳಿಸಿಕೊಂಡರು.

"ನಂಗೆ ಅರ್ಜಿಗಿರ್ಜಿ ಏನೂ ಗೊತ್ತಿಲ್ಲ ಮೇಷ್ಟ್ರೇ. ಒಂದಿನ ಮೇಡಂ ಇರ್ನಿಲ್ಲ. ನಾನು ಗಡಿಗೆ ತಾವ ಹೋದೆ, ಯಾರೋ ಕೈ ಹಿಡ್ದು ಆಚೆಗೆ ನೂಕಿದ್ರು. ಮನೇಗೆ ಹೋದೆ, ಅಷ್ಟೇಯ. ಆಮ್ಯಾಕೆ ಯಾರೂ ಕರಿಯಾಕೆ ಬರ್ನಿಲ್ಲ." ಇಷ್ಟು ಹೇಳಿ ತಟ್ಟನೆ ಮುಂದೆ ಬಾಗಿದರು. "ಆ ಮೇಡಂ ಅವ್ರಾ? ಬದುಕವ್ರಾ? ನಂಬರ್ ಐತಾ?"

ನಾನು ಕರೆ ಮಾಡಿ ಫೋನ್ ಕೊಟ್ಟೆ. "ಮೇಡಂ, ನಾನು ಮೇಡಂ, ಗಡಿಗೆ ಹುಡ್ಗಿ" ಅಂದರು ಆಕೆ. ಆ ಕಡೆಯಿಂದ ಏನು ಬಂತೋ, ಆಕೆಯ ಕಣ್ಣಲ್ಲಿ ನೀರು ತುಂಬಿತು, ಮರುಕ್ಷಣ ಜೋರಾಗಿ ನಕ್ಕರು. ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು, ಮಂಡಿನೋವು ಯಾರಿಗೆ ಜಾಸ್ತಿ ಎಂದು ಮಾತು ಹರಿಯಿತು. ಗಿರಾಕಿಗಳು ಬಂದರು. ಆಕೆ ಫೋನನ್ನು ಕಿವಿ ಭುಜದ ನಡುವೆ ಸಿಕ್ಕಿಸಿಕೊಂಡು ಇಡ್ಲಿ ಇಳಿಸಿದರು. ಅಪ್ಪ ಒಲೆಗೂ ಮೇಜಿಗೂ ನಡುವೆ ನಿಂತೇ ಇದ್ದರು.

"ಮೇಷ್ಟ್ರೇ, ವಸಿ ಪಕ್ಕಕ್ ಬನ್ನಿ, ಸುಡ್ತದೆ" ಅಂದರು ಆಕೆ. ಅಪ್ಪ ಕೈ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ನಿಂತರು. "ಸೋಮ್ವಾರ ಹೋಟ್ಲು ರಜ ಮೇಡಂ, ನಾನೇ ಬತ್ತೀನಿ ಕುಣಿಗಲ್‌ಗೆ" ಎಂದು ಆಕೆ ಫೋನಿನಲ್ಲಿ ಹೇಳುತ್ತಿದ್ದರು. ಫೋನ್ ವಾಪಸು ಕೊಟ್ಟು, ನಮ್ಮಿಬ್ಬರಿಗೂ ಇಡ್ಲಿ ಕೊಟ್ಟು, ಬೇರೆಯವರ ತಟ್ಟೆ ನೋಡಲು ಹೋದರು. ಅಪ್ಪ ತಟ್ಟೆಯಲ್ಲಿ ಒಂದು ಚೂರೂ ಬಿಡದೆ ತಿಂದರು.

ಆ ಶನಿವಾರ ಪಟ್ಟಿ ಬಂತು. ನನ್ನ ಹೆಸರಿತ್ತು.

ಸೋಮವಾರ ನಾನು ಕಾಲೇಜಿಗೆ ಹೊರಡುವಾಗ ಅಪ್ಪ ಗೇಟಿನ ಹತ್ತಿರವೇ ಇದ್ದರು. "ಈಗ ಬಸ್ ಹತ್ತಿರ್ತಾಳೆ" ಅಂದರು. ಮಧ್ಯಾಹ್ನ ಸ್ಟಾಫ್ ರೂಮಿಗೆ ಫೋನ್ ಮಾಡಿ, "ತಲುಪಿರ್ತಾಳೆ ಅಲ್ವಾ? ಏನಾದ್ರೂ ಫೋನ್ ಬಂತಾ ನಿಂಗೆ?" ಎಂದು ಕೇಳಿದರು. ಇಲ್ಲ ಅಂದೆ. ಸಂಜೆಯೂ ಬರಲಿಲ್ಲ. ಅವರಿಬ್ಬರೂ ನಮಗೆ ಫೋನ್ ಮಾಡಬೇಕಾದ ಕಾರಣವೂ ಇರಲಿಲ್ಲ. ಅಪ್ಪ ಅದನ್ನು ಒಪ್ಪಿಕೊಂಡ ಹಾಗೆ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೈವೇ ಕಡೆ ನಡೆದರು.