ಪಾರೆಯಿಂದ ಕಿತ್ತ ಹನ್ನೊಂದು ಗಿಡಗಳು

2022ರ ಮಳೆಗಾಲದಲ್ಲಿ ನಾನು ಮೈಸೂರಿನ ನಜರ್‌ಬಾದಿನಲ್ಲಿದ್ದ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ಕಾಡುಹೂಗಳ ಗೈಡ್ ಆಗಿದ್ದೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ಮೇಲೆ ಹಿಡಿದ ಕೆಲಸ ಅದು. ಸಂಸ್ಥೆ ನಡೆಸುತ್ತಿದ್ದ ಮಹದೇವು ನನ್ನ ಹಳೆಯ ವಿದ್ಯಾರ್ಥಿ. ‘ಮೇಡಂ, ನೀವು ಕ್ಲಾಸಲ್ಲಿ ಹೇಳ್ತಿದ್ದುದನ್ನೇ ಬಯಲಲ್ಲಿ ಹೇಳಿ, ಸಾಕು’ ಎಂದು ಮನೆಗೆ ಬಂದು ಕರೆದಿದ್ದ. ನನಗೂ ಮನೆಯಲ್ಲಿ ಕೂತು ಸಾಕಾಗಿತ್ತು.

ನಮ್ಮದು ಐದು ದಿನದ ಪ್ರವಾಸ. ಮೊದಲ ದಿನ ಮೈಸೂರಿನಿಂದ ಕರಾವಳಿಗೆ ಪ್ರಯಾಣ. ಎರಡು ಮತ್ತು ಮೂರನೆಯ ದಿನ ಸಮುದ್ರದ ಹತ್ತಿರದ ಕೆಂಪುಕಲ್ಲಿನ ಪಾರೆಯ ಮೇಲೆ. ನಾಲ್ಕನೆಯ ದಿನ ಘಟ್ಟ ಹತ್ತಿ ಬಯಲುಸೀಮೆಯ ಕುರುಚಲು ಕಾಡು. ಐದನೆಯ ದಿನ ವಾಪಸು. ಪಾರೆ ಎಂದರೆ ಮರವಿಲ್ಲದ, ಚಪ್ಪಟೆಯಾದ ಕಲ್ಲುಹಾಸಿನ ಗುಡ್ಡದ ತಲೆ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಅಂಗಾಲು ಸುಡುತ್ತದೆ, ಹುಲ್ಲಿನ ಒಂದು ಎಸಳೂ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಅದೇ ಕಲ್ಲಿನ ಮೇಲೆ ಬೆರಳಷ್ಟು ಮಣ್ಣಿನಲ್ಲಿ ನೀಲಿ, ಬಿಳಿ, ಹಳದಿ ಹೂಗಳು ಕಾಲಿಡಲು ಜಾಗವಿಲ್ಲದಂತೆ ಅರಳುತ್ತವೆ. ಹುಳ ಹಿಡಿದು ತಿನ್ನುವ ಗಿಡಗಳಿವೆ. ಮಣ್ಣು ತುಸು ದಪ್ಪವಿರುವ ಕಡೆ ನೆಲದ ಆರ್ಕಿಡ್‌ಗಳಿವೆ. ಆ ಪಾರೆ ಯಾವ ಊರಿನದು ಎಂದು ನಾನಿಲ್ಲಿ ಬರೆಯುವುದಿಲ್ಲ. ಏಕೆಂಬುದು ಮುಂದೆ ಓದಿದವರಿಗೆ ತಿಳಿಯುತ್ತದೆ.

ಪಾರೆಯ ಅಂಚಿನಲ್ಲಿ ಗಿರಿಜಕ್ಕನ ಮನೆ. ನಾಲ್ಕು ಹಸು ಕಟ್ಟಿಕೊಂಡಿರುವ ಹೆಂಗಸು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು. ಕಾಲೇಜಿನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತರುತ್ತಿದ್ದ ದಿನಗಳಿಂದಲೂ ನನಗೆ ಪರಿಚಯ. ಹೂ ಬಿಡುವ ಎರಡು ತಿಂಗಳು ತಮ್ಮ ಹಸುಗಳನ್ನು ಆ ಕಡೆ ಬಿಡುತ್ತಿರಲಿಲ್ಲ. ಬೇರೆಯವರ ಹಸು ಬಂದರೆ ಕೋಲು ಹಿಡಿದು ಅಟ್ಟುತ್ತಿದ್ದರು. ಪಕ್ಕದ ಪಾರೆಯನ್ನು ಆಗಲೇ ಕಲ್ಲಿನ ಕ್ವಾರಿಯವರು ಕೊಯ್ದು ಗುಂಡಿ ಮಾಡಿದ್ದರು. ಈ ಪಾರೆಯ ಮೇಲೂ ಅವರ ಕಣ್ಣಿತ್ತು. ಆ ವರ್ಷ ಊರಿನ ಸಭೆಯಲ್ಲಿ ವಿಷಯ ಬಂದಾಗ ಗಿರಿಜಕ್ಕ ಎದ್ದು ನಿಂತು, ‘ಮೈಸೂರಿಂದ ಓದಿದವರು ಬಸ್ಸು ಮಾಡಿಕೊಂಡು ಈ ಹೂ ನೋಡ್ಲಿಕ್ಕೆ ಬರ್ತಾರೆ. ಅದನ್ನು ಒಡೀಲಿಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬರ್ತದೆ?’ ಎಂದು ಕೇಳಿದ್ದರಂತೆ. ಸಭೆ ತೀರ್ಮಾನವನ್ನು ಮುಂದಕ್ಕೆ ಹಾಕಿತ್ತು. ಅದನ್ನು ಅವರು ನನಗೆ ಹೇಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಆ ಸಲ ಹನ್ನೆರಡು ಜನ ಬಂದಿದ್ದರು. ಎಲ್ಲರಿಗಿಂತ ನನಗೆ ಇಷ್ಟವಾದವರು ಚಂದ್ರಶೇಖರ್. ಇದು ಅವರ ನಿಜವಾದ ಹೆಸರಲ್ಲ. ಹೆಸರು ಬದಲಿಸಿದ್ದು ಮರ್ಯಾದೆಯಿಂದಲೂ ಅಲ್ಲ, ಅವರ ಹೆಸರು ಬರೆಯಲು ನನಗೆ ಮನಸ್ಸಿಲ್ಲ, ಅಷ್ಟೆ. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಮ್ಮದೇ ಬಡಾವಣೆ ಕುವೆಂಪುನಗರದಲ್ಲಿ ಮನೆಯ ತಾರಸಿಯ ಮೇಲೆ ಗ್ರೀನ್‌ಹೌಸ್ ಕಟ್ಟಿಸಿ ಗಿಡ ಬೆಳೆಸುತ್ತಿದ್ದರು. ಉಳಿದವರು ಫೋಟೊ ತೆಗೆಯುವುದರಲ್ಲಿ ಮುಳುಗಿದ್ದರೆ ಇವರೊಬ್ಬರು ಪುಸ್ತಕ ತೆರೆದು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಎರಡನೆಯ ದಿನ ಬಿಳಿ ಹೂವಿನ ಹಬೆನೇರಿಯಾ ಎಂಬ ಆರ್ಕಿಡ್ ತೋರಿಸಿ, ನೆಲದೊಳಗೆ ಅದಕ್ಕೆ ಗೆಡ್ಡೆ ಇರುತ್ತದೆ ಎಂದೆ. ‘ಎಷ್ಟು ಆಳದಲ್ಲಿರುತ್ತೆ ಮೇಡಂ?’ ಎಂದು ಅವರು ಕೇಳಿದರು. ‘ಇಲ್ಲಿ ಮಣ್ಣೇ ಕಮ್ಮಿ, ನಾಲ್ಕು ಬೆರಳಿಗಿಂತ ಜಾಸ್ತಿ ಇರಲ್ಲ’ ಎಂದೆ. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಕಂಡಷ್ಟು ಖುಷಿಯಾಗಿತ್ತು ನನಗೆ. ಇಷ್ಟೊಂದು ಹಬೆನೇರಿಯಾ ಒಂದೇ ಕಡೆ ನಾನು ಬೇರೆಲ್ಲೂ ನೋಡಿಲ್ಲ ಎಂದೂ ಸೇರಿಸಿದೆ. ಕೇಳದಿದ್ದರೂ ಹೇಳಿದೆ.

ಮೂರನೆಯ ದಿನ ಬೆಳಗ್ಗೆ ಎಲ್ಲರನ್ನೂ ಪಾರೆಯ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿ ಕೀಟಾಹಾರಿ ಗಿಡಗಳನ್ನು ಲೆನ್ಸ್‌ನಲ್ಲಿ ತೋರಿಸುತ್ತಿದ್ದೆ. ಗಿರಿಜಕ್ಕ ಹಾಲು ಕರೆಯಲು ಹೋಗಿದ್ದರು. ಚಂದ್ರಶೇಖರ್, ‘ನೀವು ನಡೀರಿ, ನಾನಿಲ್ಲಿ ಇನ್ನೆರಡು ಫೋಟೊ ತೆಗೆದು ಬರ್ತೀನಿ’ ಎಂದು ಹಿಂದೆಯೇ ಉಳಿದಿದ್ದರು. ಅರ್ಧ ಗಂಟೆಯ ಮೇಲೆ ಬಂದು ಸೇರಿಕೊಂಡರು. ಪ್ಯಾಂಟಿನ ಮಂಡಿ ಒದ್ದೆಯಾಗಿತ್ತು. ಫೋಟೊ ತೆಗೆಯಲು ಎಲ್ಲರೂ ಮಂಡಿಯೂರುತ್ತಾರೆ. ನಾನು ಏನೂ ಯೋಚಿಸಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಹೊರಟು ಘಟ್ಟ ಹತ್ತಿ, ಹನ್ನೆರಡು ಗಂಟೆಯ ಹೊತ್ತಿಗೆ ಬಯಲುಸೀಮೆಯ ರಸ್ತೆ ಪಕ್ಕದ ಹೋಟೆಲೊಂದರ ಮುಂದೆ ಊಟಕ್ಕೆ ನಿಲ್ಲಿಸಿದೆವು. ನಮ್ಮ ಜೊತೆ ವಸಂತಮ್ಮ ಎಂಬ ನಿವೃತ್ತ ನರ್ಸ್ ಇದ್ದರು. ಎಪ್ಪತ್ತು ದಾಟಿದವರು, ಮಂಡಿ ನೋವು. ತಾವು ಹುಟ್ಟಿದ ಊರಿನ ಬೇಲಿಯಲ್ಲಿ ಕಂಡಿದ್ದ ಅಗ್ನಿಶಿಖೆ ಹೂವನ್ನು ಮತ್ತೊಮ್ಮೆ ಕಾಡಿನಲ್ಲಿ ನೋಡಬೇಕೆಂದೇ ಈ ಪ್ರವಾಸಕ್ಕೆ ಬಂದಿದ್ದರು. ಅದನ್ನು ತೋರಿಸುವುದು ಅಂದು ಮಧ್ಯಾಹ್ನ. ಅವರ ಮಾತ್ರೆಯ ಚೀಲ ತರಲು ಡ್ರೈವರ್ ಸಿದ್ದರಾಜು ವ್ಯಾನಿನ ಡಿಕ್ಕಿ ತೆಗೆದವರು ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: ‘ಮೇಡಂ, ಒಂದು ಬ್ಯಾಗಿಂದ ಕೆಮ್ಮಣ್ಣಿನ ನೀರು ಸೋರ್ತಾ ಅದೆ. ನೀವೇ ಬಂದು ನೋಡ್ಬುಡಿ.’

ಹೋಗಿ ನೋಡಿದೆ. ಯಾರದು ಎಂದು ಕೇಳಿದೆ. ಚಂದ್ರಶೇಖರ್ ಕೈ ಒರೆಸಿಕೊಳ್ಳುತ್ತಾ ಬಂದು ತಾವೇ ಜಿಪ್ ಎಳೆದರು. ಒಳಗೆ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಒದ್ದೆ ಪೇಪರಿನಲ್ಲಿ ಸುತ್ತಿದ ಹನ್ನೊಂದು ಹಬೆನೇರಿಯಾ ಗಿಡಗಳು, ಗೆಡ್ಡೆ ಸಮೇತ. ಅವರ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ. ಪೇಟೆಯಿಂದ ತಂದ ತರಕಾರಿಯನ್ನು ಮನೆಯವರಿಗೆ ತೋರಿಸುವವರಂತೆ ತೋರಿಸಿದರು.

‘ಗ್ರೀನ್‌ಹೌಸ್‌ನಲ್ಲಿ ಚೆನ್ನಾಗಿ ನೋಡ್ಕೋತೀನಿ ಮೇಡಂ. ಆ ಪಾರೆ ಹೇಗಿದ್ರೂ ಒಂದಿನ ಕ್ವಾರಿಗೆ ಹೋಗುತ್ತೆ. ನಾನು ಉಳಿಸ್ತಾ ಇದ್ದೀನಿ ಅಂತ ತಿಳ್ಕೊಳ್ಳಿ.’

‘ಇವು ಕುಂಡದಲ್ಲಿ ಬದುಕಲ್ಲ ಸಾರ್’ ಎಂದೆ. ಈ ಆರ್ಕಿಡ್‌ಗಳ ಬೇರಿಗೆ ಅಲ್ಲಿನ ಮಣ್ಣಿನಲ್ಲಿರುವ ಶಿಲೀಂಧ್ರದ ಜೊತೆ ಬೇಕು. ಈ ವರ್ಷ ಹೂ ಕೊಟ್ಟ ಗೆಡ್ಡೆ ಬಾಡಿಹೋಗಿ, ಅದರ ಪಕ್ಕದಲ್ಲಿ ಮುಂದಿನ ವರ್ಷದ ಗೆಡ್ಡೆ ಈಗಷ್ಟೇ ಕೂಡುತ್ತಿರುತ್ತದೆ. ಹೂವಿದ್ದಾಗ ಕಿತ್ತರೆ ಎರಡೂ ವರ್ಷದ ಗಿಡ ಕಿತ್ತಂತೆ. ಇದೆಲ್ಲವನ್ನೂ ಅಲ್ಲೇ, ಹೋಟೆಲಿನ ಮುಂದೆ ನಿಂತು ಹೇಳಿದೆ.

ಅವರು ನಕ್ಕರು. ‘ನಾಲ್ಕು ಬೆರಳು ಆಳ ಅಂತ ನೀವೇ ಹೇಳಿದ್ರಲ್ಲ. ಹಾಗೇ ಬಿಡಿಸಿದೀನಿ. ಒಂದು ಗೆಡ್ಡೆಗೂ ಗಾಯ ಆಗಿಲ್ಲ ನೋಡಿ.’

ನನ್ನ ಜೀವನದಲ್ಲಿ ಒಬ್ಬ ಮನುಷ್ಯನ ಕೆನ್ನೆಗೆ ಹೊಡೆಯಬೇಕೆಂದು ಕೈ ಮೇಲೆದ್ದದ್ದು ಆಗ ಮಾತ್ರ. ಹೊಡೆಯಲಿಲ್ಲ. ಬ್ಯಾಗಿನೊಳಗಿಂದ ಡಬ್ಬಿಯನ್ನು ಕಿತ್ತುಕೊಂಡೆ. ‘ನಾವು ವಾಪಸು ಹೋಗ್ತಾ ಇದ್ದೀವಿ’ ಎಂದೆ.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಅಲ್ಲಿಂದ ಪಾರೆಗೆ ನಾಲ್ಕು ಗಂಟೆಯ ದಾರಿ. ವಾಪಸು ಹೋದರೆ ಬಯಲುಸೀಮೆಯ ಕಾಡು ತಪ್ಪುತ್ತದೆ. ಒಂದು ದಂಪತಿ, ಒಬ್ಬರು ಮಾಡಿದ್ದಕ್ಕೆ ಎಲ್ಲರೂ ಯಾಕೆ ಅನುಭವಿಸಬೇಕು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಚಂದ್ರಶೇಖರ್ ಮಾತ್ರ ತಣ್ಣಗಿದ್ದರು. ‘ಅದು ಅರಣ್ಯ ಅಲ್ಲ, ಬರೀ ಗೋಮಾಳ. ಯಾವ ಕಾನೂನಿನ ಪ್ರಕಾರ ನನ್ನ ಬ್ಯಾಗ್ ಮುಟ್ಟಿದ್ರಿ?’ ಎಂದರು. ಅವರು ಮಹದೇವುಗೆ ಫೋನ್ ಮಾಡಿ, ಎರಡು ನಿಮಿಷ ಮಾತಾಡಿ, ಫೋನನ್ನು ನನ್ನ ಕೈಗೆ ಕೊಟ್ಟರು.

‘ಮೇಡಂ, ಅವರನ್ನ ಎದುರು ಹಾಕ್ಕೋಬೇಡಿ’ ಎಂದ ಮಹದೇವು. ‘ತುಂಬಾ ಜನ ಗೊತ್ತು ಅವರಿಗೆ. ಹನ್ನೊಂದು ಗಿಡ ತಾನೆ, ಬಿಟ್ಟುಬಿಡಿ.’

‘ಮಹದೇವು, ನಿನಗೆ ಪಾಠ ಹೇಳಿದವಳು ನಾನು’ ಎಂದೆ. ‘ಹನ್ನೊಂದು ಗಿಡ ತಾನೆ ಅಂತ ಯಾವ ಕ್ಲಾಸಲ್ಲಿ ಹೇಳಿಕೊಟ್ಟೆ ನಿನಗೆ?’ ಫೋನನ್ನು ಚಂದ್ರಶೇಖರ್ ಕೈಗೆ ವಾಪಸು ಕೊಟ್ಟೆ.

ವಸಂತಮ್ಮ ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತು ಕೇಳುತ್ತಿದ್ದವರು ಮಂಡಿ ಹಿಡಿದುಕೊಂಡು ಎದ್ದರು. ‘ವ್ಯಾನ್ ತಿರುಗಿಸಪ್ಪ ಸಿದ್ದರಾಜು’ ಎಂದರು. ‘ಇದನ್ನ ಡಿಕ್ಕೀಲಿಟ್ಕೊಂಡು ಇನ್ನೊಂದು ಹೂ ನೋಡೋಕೆ ನನ್ನ ಕೈಲಾಗಲ್ಲ.’ ಅವರು ಹಾಗೆ ಅಂದ ಮೇಲೆ ಆ ದಂಪತಿಯೂ ಸುಮ್ಮನಾದರು. ಸಿದ್ದರಾಜು ಯಾರ ಮುಖವನ್ನೂ ನೋಡದೆ ಹೋಗಿ ಇಂಜಿನ್ ಚಾಲೂ ಮಾಡಿದರು.

ಆ ನಾಲ್ಕು ಗಂಟೆಯೂ ವ್ಯಾನಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಘಟ್ಟದ ಪ್ರತಿ ತಿರುವಿನಲ್ಲೂ ಗೆಡ್ಡೆಗಳು ಅಲುಗಾಡದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ಎರಡು ಹೂಗೊಂಚಲು ಆಗಲೇ ಕತ್ತು ಬಾಗಿಸಿದ್ದವು.

ಪಾರೆ ತಲುಪಿದಾಗ ಐದು ಗಂಟೆ. ಸಣ್ಣಗೆ ಮಳೆ. ಗಿರಿಜಕ್ಕ ಅಂಗಳದಲ್ಲೇ ನಿಂತಿದ್ದರು. ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಬೆಳಗ್ಗೆ ನಾವು ಹೊರಟ ಮೇಲೆ ಪಾರೆ ಸುತ್ತಿಬಂದು, ಗುಂಡಿಗಳನ್ನು ನೋಡಿದ್ದರು. ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಮುಂದೆ ನಡೆದರು. ಯಾವ ಗಿಡ ಎಲ್ಲಿತ್ತೆಂದು ನನಗೆ ನೆನಪಿರಲಿಲ್ಲ, ಅವರಿಗೆ ಹನ್ನೊಂದೂ ಜಾಗ ಗೊತ್ತಿತ್ತು. ನಾನು, ಸಿದ್ದರಾಜು, ಇನ್ನಿಬ್ಬರು ಪ್ರವಾಸಿಗರು ನೀರು ತುಂಬಿದ ಗುಂಡಿಗಳನ್ನು ಕೈಯಿಂದ ಬಸಿದು, ಗೆಡ್ಡೆ ಕೂರಿಸಿ, ಮಣ್ಣು ಮುಚ್ಚಿದೆವು. ನಿಲ್ಲಲಾಗದ ವಸಂತಮ್ಮ ಕಲ್ಲಿನ ಮೇಲೆ ಕೂತು ನಮಗೆ ಕೊಡೆ ಹಿಡಿದರು. ಚಂದ್ರಶೇಖರ್ ವ್ಯಾನಿನಿಂದ ಇಳಿಯಲಿಲ್ಲ. ಗಾಜು ಏರಿಸಿಕೊಂಡು ಫೋನ್ ನೋಡುತ್ತಾ ಕೂತಿದ್ದರು. ಹೋಗಿ ಬಾಗಿಲು ತಟ್ಟಿದೆ. ‘ನಿಮ್ಮ ನಾಟಕ ಮುಗಿದ ಮೇಲೆ ಹೇಳಿ’ ಎಂದರು.

ಕೆಲಸ ಮುಗಿದ ಮೇಲೆ ಗಿರಿಜಕ್ಕನ ಮುಂದೆ ನಿಂತು ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಅವರನ್ನು ಇಲ್ಲಿಗೆ ಕರ್ಕೊಂಡು ಬಂದದ್ದು ನೀವಲ್ವಾ ಮೇಡಂ?’ ಎಂದು ಕೇಳಿದರು. ‘ಮೈಸೂರಿಂದ ಓದಿದವರು ಬರ್ತಾರೆ ಅಂತ ನಾನು ಎಲ್ಲರ ಎದುರು ಹೇಳಿದ್ದೆ. ಇನ್ನು ಸಭೆಯಲ್ಲಿ ಎಂತ ಹೇಳುದು ನಾನು?’

ಕೈಗೆ ಮೆತ್ತಿದ್ದ ಕೆಮ್ಮಣ್ಣನ್ನು ಅವರ ಅಂಗಳದಲ್ಲಿ ತೊಳೆದುಕೊಂಡು ವ್ಯಾನ್ ಹತ್ತಿದೆ.

ಮೈಸೂರಿಗೆ ಬಂದ ವಾರದೊಳಗೆ ಚಂದ್ರಶೇಖರ್ ಸಂಸ್ಥೆಗೆ ಎರಡು ಪುಟದ ದೂರು ಬರೆದರು. ನಾನು ಅವರ ಬ್ಯಾಗಿಗೆ ಕೈ ಹಾಕಿದ್ದು, ಪ್ರವಾಸಿಗರ ಮುಂದೆ ಅವಮಾನ ಮಾಡಿದ್ದು, ಕಾರ್ಯಕ್ರಮ ಬದಲಿಸಿದ್ದು, ಎಲ್ಲ ಅದರಲ್ಲಿತ್ತು. ಗಿಡ ಕಿತ್ತ ವಿಷಯ ಒಂದು ಸಾಲೂ ಇರಲಿಲ್ಲ. ಮಹದೇವು ಆ ಕಾಗದ ಹಿಡಿದು ಮನೆಗೆ ಬಂದ. ಕ್ಷಮಾಪಣೆಯ ಪತ್ರವನ್ನು ತಾನೇ ಟೈಪ್ ಮಾಡಿಸಿ ತಂದಿದ್ದ. ನಾನು ಸಹಿ ಹಾಕಿದರೆ ಸಾಕಿತ್ತು. ಅವನಿಗೆ ಕಾಫಿ ಕೊಟ್ಟೆ, ಸಹಿ ಹಾಕಲಿಲ್ಲ. ಆ ಸಂಸ್ಥೆಯ ಕೆಲಸ ಅಲ್ಲಿಗೆ ಮುಗಿಯಿತು. ವಸಂತಮ್ಮನನ್ನು ಮಾತ್ರ ಸೆಪ್ಟೆಂಬರ್‌ನಲ್ಲಿ ಸಿದ್ದರಾಜು ತಮ್ಮ ಮಂಡಕಳ್ಳಿ ಕಡೆಯ ನೆಂಟರ ಹೊಲಕ್ಕೆ ಕರೆದೊಯ್ದು, ಬೇಲಿಯ ಮೇಲೆ ಅರಳಿದ್ದ ಅಗ್ನಿಶಿಖೆ ತೋರಿಸಿದರು. ನಾನೂ ಹೋಗಿದ್ದೆ.

ಚಂದ್ರಶೇಖರ್ ಈಗಲೂ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಎದುರಾಗುತ್ತಾರೆ. ‘ನಮಸ್ಕಾರ ಮೇಡಂ’ ಎನ್ನುತ್ತಾರೆ, ಏನೂ ನಡೆದಿಲ್ಲವೆಂಬಂತೆ. ನಾನು ತಿರುಗಿ ನಮಸ್ಕಾರ ಹೇಳುವುದಿಲ್ಲ. ವಯಸ್ಸಾದ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ತಂಗಿ ಹೇಳುತ್ತಾಳೆ. ನನ್ನ ಸಿಟ್ಟು ಇಳಿದಿಲ್ಲ. ಇಳಿಸುವ ಆಸೆಯೂ ಇಲ್ಲ.

ತಿಳಿದದ್ದನ್ನು ಕೇಳಿದವರಿಗೆಲ್ಲ ಕೊಡಬೇಕು ಎಂಬುದು ತರಗತಿಯ ನಿಯಮ. ಮೂವತ್ತೊಂದು ವರ್ಷ ಹಾಗೇ ಬದುಕಿದೆ. ಬಯಲಿನಲ್ಲಿ ಅದು ನಡೆಯುವುದಿಲ್ಲ ಎಂದು ಈ ಕೆಲಸ ಕಲಿಸಿತು. ನಾನು ಯಾರನ್ನಾದರೂ ಒಂದು ಜಾಗಕ್ಕೆ ಕರೆದೊಯ್ದರೆ, ಅವರು ಅಲ್ಲಿ ಮಾಡುವುದಕ್ಕೆಲ್ಲ ನಾನೂ ಹೊಣೆ. ನನಗೆ ಗೊತ್ತಿರಲಿಲ್ಲ ಎಂದರೆ ಆ ಹೊಣೆ ತಪ್ಪುವುದಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಒಬ್ಬಳೇ ಹೋದೆ. ಗಿರಿಜಕ್ಕ ಒಳಗೆ ಕರೆದು ನೀರು ಬೆಲ್ಲ ಕೊಟ್ಟರು. ಪಾರೆಯ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ಆ ಸಭೆಗಳಿಗೆ ಹೋಗುವುದನ್ನು ಅವರು ಬಿಟ್ಟಿದ್ದರು. ಮೇಲೆ ಹೋಗಿ ನೋಡಬಹುದೇ ಎಂದು ಕೇಳಿದೆ. ಮೊದಲೆಲ್ಲ ಹಾಗೆ ಕೇಳುತ್ತಿರಲಿಲ್ಲ, ಅವರೂ ‘ಹೋಗಿ ಬನ್ನಿ’ ಎಂದು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಈ ಸಲ ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆಯಲ್ಲೇ ಹೊರಟರು. ಹನ್ನೊಂದರಲ್ಲಿ ನಾಲ್ಕು ಗಿಡ ಮೇಲೆ ಬಂದಿದ್ದವು, ಒಂದರಲ್ಲಿ ಹೂವಿತ್ತು. ಹತ್ತಿರದಿಂದ ನೋಡಲೆಂದು ನಾನು ಬಗ್ಗಿದೆ. ಗಿರಿಜಕ್ಕ ಎರಡು ಹೆಜ್ಜೆ ಹಿಂದೆ ನಿಂತರು. ಅವರು ಹೂವನ್ನು ನೋಡುತ್ತಿರಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದರು.