ಮನೆ ಓನರ್ ಯಾರು

ನಮ್ಮ ಶಾಲೆಯ ಭೂಗೋಳದ ಟೀಚರಿಗೆ ಮಕ್ಕಳು ಇಟ್ಟ ಹೆಸರು ನಕ್ಷೆ ಮೇಡಂ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ಗಟ್ಟಿ ಹೆಂಗಸು. ಇನ್‌ಸ್ಪೆಕ್ಟರು ಬಂದರೆ ನಾವೆಲ್ಲ ತಡಬಡಾಯಿಸುತ್ತಿದ್ದೆವು, ಅವರು ಮಾತ್ರ "ಕೂತಿರಿ ಸರ್, ಪಾಠ ಮುಗಿಸಿ ಬರ್ತೀನಿ" ಅನ್ನುತ್ತಿದ್ದರು. ಅಂಥವರು ಬಾಗಿಲಿನ ಬೆಲ್ಲಿಗೆ ಹೆದರುವಂತಾದದ್ದನ್ನು ನಾನು ಹತ್ತಿರದಿಂದಲೇ ನೋಡಿದೆ.

ಅವರಿದ್ದದ್ದು ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಬಾಡಿಗೆಗೆ. ಮದುವೆಯಾಗಿ ಬಂದಾಗಿನಿಂದ ಅದೇ ಮನೆ. ಗಂಡ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ಪ್ರೆಸ್ಸು ಮುಚ್ಚಿದ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಕೆಲಸ. ಜೊತೆಗೆ ಅತ್ತೆ. ಒಂದು ಕಾಲಕ್ಕೆ ಆ ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವರು, ಈಗ ಮಂಡಿ ನೋವಿನಿಂದ ಕಿಟಕಿ ಪಕ್ಕ ಕೂತುಬಿಟ್ಟಿದ್ದರು. ಬಾಯಿ ಮಾತ್ರ ಇನ್ನೂ ಕತ್ತರಿಯ ಹಾಗೇ ಇತ್ತು.

ಕಟ್ಟಡದ ಹಿಂದಿನ ಓನರಮ್ಮ ತಿಂಗಳು ತಿಂಗಳು ತಾವೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಲ್ಲಿ ಸೋರುತ್ತಿದೆ ಅಂದರೆ ಗೊಣಗುತ್ತಿದ್ದರು, ಗೊಣಗಿಕೊಂಡೇ ಪ್ಲಂಬರನ್ನು ಕಳಿಸುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಯಾವುದೋ ಕಂಪನಿಗೆ ಮಾರಿದರು. ಕಂಪನಿ ಬಂದ ಮೊದಲ ತಿಂಗಳೇ ಬಾಡಿಗೆ ಏರಿತು. ಎದುರುಮನೆಯ ಬ್ಯಾಂಕ್ ಕ್ಯಾಷಿಯರ್, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಖಾಲಿ ಮಾಡಿದ. ಮರುದಿನವೇ ಆ ಬಾಗಿಲಿಗೆ ನಂಬರ್ ಒತ್ತಿ ತೆರೆಯುವ ಹೊಸ ಬೀಗ ಬಂತು. ಆಮೇಲೆ ಮೇಲಿನ ಮನೆ, ಆಮೇಲೆ ಕೆಳಗಿನ ಮನೆ. ಖಾಲಿಯಾದ ಮನೆಗಳಲ್ಲಿ ಹಗಲೆಲ್ಲ ಗೋಡೆ ಕೊರೆಯುವ ಸದ್ದು. ಸದ್ದು ನಿಂತರೆ ಇನ್ನೂ ಕಷ್ಟ.

"ತಲೆ ಮೇಲೆ ಯಾರೂ ನಡೆದಾಡೋದೇ ಕೇಳಿಸಲ್ಲ ಕಣೇ," ಅಂತ ಒಂದು ದಿನ ನನ್ನ ಹತ್ತಿರ ಹೇಳಿದರು. "ಲಿಫ್ಟು ನಮ್ಮ ಮಹಡಿಯಲ್ಲಿ ನಿಂತ್ರೆ ಸಾಕು, ಎದೆ ಧಸಕ್ ಅನ್ನತ್ತೆ. ಅತ್ತೆ ಮುಂದೆ ತೋರಿಸ್ಕೊಳ್ಳೋ ಹಾಗಿಲ್ಲ. ಅವರೂ ನನ್ನ ಮುಂದೆ ತೋರಿಸ್ಕೊಳ್ಳಲ್ಲ."

ಒಂದು ಭಾನುವಾರ ಬೆಲ್ ಆಯಿತು. ನೀಲಿ ಜಾಕೆಟ್ಟಿನವನೊಬ್ಬ ನಿಂತಿದ್ದ. ಕೈಯಲ್ಲಿ, ಗೋಡೆಗೆ ಕೆಂಪು ಬೆಳಕು ಬಿಟ್ಟು ಅಳತೆ ತೋರಿಸುವ ಪುಟ್ಟ ಯಂತ್ರ. ಕಂಪನಿಯಿಂದ ಬಂದಿದ್ದೇನೆ, ರೂಮುಗಳ ಅಳತೆ ಬೇಕು ಅಂದ. ಬೇಡ ಅನ್ನಬಹುದೋ ಅನ್ನಬಾರದೋ ಅಂತ ಮೇಡಮ್ಮಿಗೆ ತಿಳಿಯಲಿಲ್ಲ, ದಾರಿ ಬಿಟ್ಟರು. ಅವರು ಅನ್ನಕ್ಕೆ ಇಟ್ಟಿದ್ದ ಒಲೆಯ ಪಕ್ಕವೇ ನಿಂತು ಅವನು ಅಡುಗೆಮನೆ ಅಳೆದ. ಆ ಕೆಂಪು ಚುಕ್ಕೆ ಪಾತ್ರೆಗಳ ಮೇಲೆ, ಮಂಚದ ಮೇಲೆ ಹರಿದಾಡಿ, ಕೊನೆಗೆ ಕಿಟಕಿ ಪಕ್ಕ ಕೂತಿದ್ದ ಅತ್ತೆಯ ಎದೆ ಮೇಲೆ ಬಂದು ನಿಂತಿತು.

"ನನ್ನ ಸುತ್ತಳತೇನೂ ಬೇಕೇನಪ್ಪ? ನಾನೇ ಹೇಳ್ತೀನಿ, ಬರ್ಕೋ," ಅಂದರು ಅತ್ತೆ.

ಅವನು ಯಂತ್ರ ಇಳಿಸಿ ತಿರುಗಿದವನು ಮೇಡಂ ಮುಖವನ್ನು ಆಗಲೇ ಸರಿಯಾಗಿ ನೋಡಿದ್ದು. "ನೀವು... ನಕ್ಷೆ ಮೇಡಂ ಅಲ್ವಾ?"

ಹಳೇ ವಿದ್ಯಾರ್ಥಿ. ಕೂರು ಅಂದರೂ ಕೂರಲಿಲ್ಲ. "ಇದನ್ನೂ ಒಡೆದು ಹೊಸದು ಮಾಡ್ತಾರೆ ಮೇಡಂ. ಬಾಡಿಗೆ ದುಪ್ಪಟ್ಟಾಗತ್ತೆ. ನಾನು ಬರೀ ಅಳತೆಯವನು."

"ನಿನ್ನನ್ನು ಯಾರು ಬೈತಾರಪ್ಪ. ಓನರ್ ಯಾರು ಹೇಳು, ನಾನೇ ಹೋಗಿ ಮಾತಾಡ್ತೀನಿ."

"ಕಂಪನಿ."

"ಕಂಪನಿ ಯಾರದು?"

ಅವನಿಗೂ ಗೊತ್ತಿರಲಿಲ್ಲ. ವಿಚಾರಿಸಿ ಹೇಳ್ತೀನಿ ಅಂತ ಹೊರಟ.

ಸ್ಟಾಫ್ ರೂಮಿನಲ್ಲಿ ಅದೇ ಮಾತಾಯಿತು. ಇದಕ್ಕೆಲ್ಲ ಹೊಣೆ ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ಸರ್ಕಾರ ಅಂದರು ಒಬ್ಬರು, ದುಡ್ಡಿದ್ದವರು ಅಂದರು ಇನ್ನೊಬ್ಬರು, ಹೊರಗಿನಿಂದ ಬಂದವರು ಅಂದರು ವಿಜ್ಞಾನದ ಮೇಷ್ಟ್ರು. ಮೇಡಂ ಮನಸ್ಸಿನಲ್ಲೂ ಒಬ್ಬ ಓನರ್ ತಯಾರಾಗಿದ್ದ. ಕಪ್ಪು ಗಾಜಿನ ಕಾರು, ದಪ್ಪ ಉಂಗುರ. ಅವನ ಎದುರು ಕೂತು ಏನು ಹೇಳಬೇಕು ಅನ್ನುವುದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದರಂತೆ.

ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಆ ನೀಲಿ ಜಾಕೆಟ್ಟಿನವನು ಗೇಟಿನ ಹತ್ತಿರ ಕಾಯುತ್ತಿದ್ದ. ನಾನೂ ಜೊತೆಗಿದ್ದೆ.

"ಬೇಜಾರು ಮಾಡ್ಕೋಬೇಡಿ ಮೇಡಂ," ಅಂದ. "ಕಂಪನಿಗೆ ದುಡ್ಡು ಹಾಕಿರೋದು ಶಿಕ್ಷಕರ ಪಿಂಚಣಿ ನಿಧಿ. ನಿಮ್ದೇ."

ಮೇಡಂ ಮೊದಲು ನಕ್ಕರು. ಆಮೇಲೆ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ನಿಧಿಗೆ ಒಳ್ಳೆಯ ಲಾಭ ಬಂತು ಅಂತ ಹೋದ ವರ್ಷವಷ್ಟೇ ನಾವೆಲ್ಲ ಕೇಕು ತರಿಸಿ ತಿಂದಿದ್ದೆವು.

ನಿಧಿಯ ಮಂಡಳಿಯಲ್ಲಿ ನಮ್ಮ ಪರವಾಗಿ ಇದ್ದವರು ನಮ್ಮದೇ ಹಳೇ ಹೆಡ್‌ಮಾಸ್ಟರು. ನಾವೇ ಓಟು ಹಾಕಿ ಕಳಿಸಿದ್ದೆವು. ಇಬ್ಬರೂ ಅವರ ಮನೆಗೆ ಹೋದೆವು. ಅವರು ಅಂಗಳದಲ್ಲಿ ಟೇಬಲ್ ಫ್ಯಾನ್ ಬಿಚ್ಚಿಹಾಕಿಕೊಂಡು ರೆಕ್ಕೆ ಒರೆಸುತ್ತಿದ್ದರು.

"ಬನ್ರಮ್ಮ," ಅಂದರು. ವಿಷಯ ಕೇಳಿ ಒರೆಸುವುದನ್ನು ನಿಲ್ಲಿಸಿದರು. "ಮಂಡಳಿಯಲ್ಲಿ ಆ ಖರೀದಿಗೆ ಕೈ ಎತ್ತಿದ್ದು ಹೌದು. ನಿಮ್ಮ ಬೀದಿ ಹೆಸರು ಯಾರೂ ಹೇಳ್ಲಿಲ್ಲ. ಒಳ್ಳೇ ಆಸ್ತಿ, ಒಳ್ಳೇ ಲಾಭ ಅಂದ್ರು."

"ಈಗ ತಡೀಬಹುದಲ್ವಾ ಸರ್?"

"ನಮ್ಮ ದುಡ್ಡು ಒಂದು ಕಂಪನಿಗೆ ಹೋಗತ್ತೆ, ಅದು ಇನ್ನೊಂದಕ್ಕೆ ಹಾಕತ್ತೆ. ಬಾಡಿಗೆ ಅವರು ಇಡೋದು. ನಾನು ಬೇಡ ಅಂದ್ರೆ ಲಾಭ ಇಳಿಯತ್ತೆ. ಇಳಿದ್ರೆ ನಾಳೆ ರಿಟೈರ್ ಆಗೋ ನಿಮಗೇ ಎಲ್ಲಿಂದ ಕೊಡ್ಲಮ್ಮ?" ಅವರು ತಲೆ ಎತ್ತಲಿಲ್ಲ. "ನನಗೂ ಭಯ ಆಗತ್ತೆ. ಯಾರಿಗೆ ಹೇಳ್ಕೊಳ್ಳೋದು?"

ವಾಪಸು ಬಂದೆವು. ಮೇಡಂ ಬಾಯಿಪಾಠ ಮಾಡಿಟ್ಟುಕೊಂಡ ಮಾತುಗಳನ್ನು ಇನ್ನು ಯಾರ ಮುಂದೆ ಆಡುವುದು?

ಮುಂದಿನ ಬಾಡಿಗೆಯ ಏರಿಕೆಗೆ ಮೊದಲೇ ಅವರು ಮನೆ ಬಿಟ್ಟರು. ಊರಾಚೆ, ಟೈರ್ ಅಂಗಡಿಯ ಹಿಂದೆ ಎರಡು ರೂಮು. ಅತ್ತೆಯನ್ನು ಮೇಡಂ ಗಂಡ ಕುರ್ಚಿ ಸಮೇತ ಹೊತ್ತು ಲಿಫ್ಟಿನಲ್ಲಿ ಇಳಿಸಿದರು. ಹೊಸ ಜಾಗದಲ್ಲಿ ಮುದುಕಿಗೆ ಕಿಟಕಿ ಇಲ್ಲ. ಮಾತು ಕಡಿಮೆಯಾಯಿತು, ಆಮೇಲೆ ಊಟ ಕಡಿಮೆಯಾಯಿತು. ಕತ್ತರಿಯಂಥ ಆ ಬಾಯಿ ಮೊಂಡಾಗಿದ್ದೇ ಮೇಡಮ್ಮಿಗೆ ಎಲ್ಲಕ್ಕಿಂತ ದೊಡ್ಡ ಭಯ.

ಆ ವರ್ಷ ಮಂಡಳಿಯ ಚುನಾವಣೆಗೆ ಹೆಡ್‌ಮಾಸ್ಟರು ನಿಲ್ಲಲಿಲ್ಲ. ಮೇಡಂ ನಿಂತರು. ಓಟು ಕೇಳಲು ಸ್ಟಾಫ್ ರೂಮಿನಲ್ಲಿ ಎದ್ದು ನಿಂತಾಗ ವಿಜ್ಞಾನದ ಮೇಷ್ಟ್ರು ನೇರವಾಗಿಯೇ ಕೇಳಿದರು: "ಹಾಗಾದ್ರೆ ನಮ್ಮ ಪಿಂಚಣಿ ಕಡಿಮೆ ಆಗ್ಲಿ ಅಂತೀರಾ?"

"ಆಗಬಹುದು," ಅಂದರು ಮೇಡಂ. ಆದರೂ ಹೇಗೋ ಗೆದ್ದರು. ಬೇರೆ ಯಾರಿಗೂ ಆ ತಲೆನೋವು ಬೇಕಿರಲಿಲ್ಲ.

ಮೊದಲ ಸಭೆಯಲ್ಲೇ ಬೇರೊಂದು ಊರಿನ ಕಟ್ಟಡಗಳನ್ನು ಕೊಳ್ಳುವ ವಿಷಯ ಬಂತು. "ಅಲ್ಲಿ ಈಗ ಯಾರಿದ್ದಾರೆ?" ಅಂತ ಮೇಡಂ ಕೇಳಿದರು. ಆ ವಿವರ ನಮ್ಮ ಹತ್ತಿರ ಇರಲ್ಲ ಅಂದರು ನಿಧಿಯ ಮ್ಯಾನೇಜರು, ಬಹಳ ಮರ್ಯಾದೆಯಿಂದ. ತಿಳ್ಕೊಂಡು ಆಮೇಲೆ ತೀರ್ಮಾನ ಮಾಡೋಣ ಅಂತ ಮೇಡಂ ಪಟ್ಟು ಹಿಡಿದರು. ಅವರ ಜೊತೆ ಎದ್ದದ್ದು ಇನ್ನೊಂದೇ ಕೈ. ಖರೀದಿ ಪಾಸಾಯಿತು.

ಮರುದಿನ ನನ್ನ ಪಕ್ಕದಲ್ಲಿ ಕೂತು ಹೇಳಿದರು: "ಒಬ್ಬರೂ ಕೆಟ್ಟವರಲ್ಲ ಕಣೇ. ನೀರಿನ ಬಾಟ್ಲಿ ನನ್ನ ಕಡೆ ಸರಿಸಿದ್ರು, ಅತ್ತೆ ಹೇಗಿದ್ದಾರೆ ಅಂತ ಕೇಳಿದ್ರು. ಆಮೇಲೆ ಖರೀದಿಗೆ ಕೈ ಎತ್ತಿದ್ರು."

"ಮುಂದಿನ ಸಭೆಗೆ ಹೋಗ್ತೀರಾ?" ಅಂದೆ.

"ಹೋಗೋಕೆ ಭಯ," ಅಂದರು. "ಹೋಗದೇ ಇರೋಕೆ ಇನ್ನೂ ಭಯ."

ಹೋದರು. ಈಗಲೂ ಹೋಗುತ್ತಾರೆ.