ಸತ್ತಂತೆ ಮಲಗುವ ನೀಲಿ ಮೀನು

ಮೀನು ಸಾಕುವ ಗೆಳೆಯರೆ, ಸಾಲಿ ಅರ್ಧಕ್ಕೆ ಬಿಟ್ಟವನ ಕೈಯಿಂದ ಇಷ್ಟುದ್ದ ಬರೆಸುವುದು ಶಿಕ್ಷೆಯೇ ಸರಿ. ಆದರೂ ಬರೆಯುತ್ತೇನೆ.

ಇವತ್ತು ಮಧ್ಯಾಹ್ನ ಹಸಿದು ಮನೆಗೆ ಬಂದರೆ ಒಲೆ ಹಚ್ಚಿರಲಿಲ್ಲ. ಉಪ್ಪುನೀರಿನ ತೊಟ್ಟಿಯಲ್ಲಿ ನಾನು ಸಾಕಿದ ಸರ್ಜನ್ ಎಂಬ ಜಾತಿಯ ನೀಲಿ ಮೀನು ಕಲ್ಲಿನ ಸಂದಿಯಲ್ಲಿ ಅಡ್ಡ ಬಿದ್ದಿತ್ತು.

"ಮನ್ಯಾಗ ಹೆಣ ಇಟ್ಕೊಂಡು ಒಲಿ ಹಚ್ಚಬಾರ್ದು," ಎಂದಳು ಹೆಂಡತಿ.

"ಅದು ಮಲಗೂದ ಹಂಗ."

"ಹೆಣಾನೂ ಹಂಗ ಮಲಗತೈತ್ರಿ."

ಸಿಟ್ಟಿನಿಂದ ಕಡಲಪಾಚಿಯ ಚೂರೊಂದನ್ನು ನೀರಿಗೆ ಬಿಟ್ಟೆ. ಮೀನು ಎದ್ದು ಬಂದು ಮೇಯತೊಡಗಿತು. ಅಷ್ಟರಲ್ಲಿ, ಮೀನು ಸತ್ತಿತೆಂದು ಹೆಂಡತಿಯಿಂದ ಕೇಳಿದ್ದ ನೆರೆಮನೆಯ ಬೀಬಿಜಾನ್ ಸಾವಿನ ಮನೆಗೆಂದು ರೊಟ್ಟಿ, ಪುಂಡಿಪಲ್ಲೆ ತಂದಳು.

"ಮೀನ ಬದಕೇತಲ್ರಿ ಕಾಕಾ, ಬುತ್ತಿ ವಾಪಸ್ ಒಯ್ಲೇನ್ರಿ?"

"ಇಟ್ಟು ಹೋಗವಾ," ಎಂದು ಉಂಡೆ.

"ಅದನ್ನ ಯಾರಿಗರ ಕೊಟ್ಟುಬಿಡ್ರಿ, ದಿನಾ ಸಾಯೂದು ನೋಡಲಾರೆ," ಎಂದು ಹೆಂಡತಿ ಹಟ ಹಿಡಿದು ಸೋಮವಾರದವರೆಗೆ ಗಡುವು ಕೊಟ್ಟಿದ್ದಾಳೆ. ನನ್ನ ಮಾತು ನಂಬುವುದಿಲ್ಲ. ಅವಳಿಗೆ ತೋರಿಸಲು, ಇಂಥ ಮೀನು ಸಾಕಿದವರು ಅದು ಮಲಗಿರುವ ಫೋಟೋ ಸೋಮವಾರದೊಳಗೆ ಕಳಿಸಬೇಕು. ಸತ್ತದ್ದರ ಫೋಟೋ ಬೇಡ.